ಬೇಸ್ ಆಂಪ್‌ನ ವಾಲ್ಯೂಮ್ ಕುಸಿದಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್ ಆಂಪ್, ಅಂದರೆ ಬೇಸ್ ಗಿಟಾರ್‌ನ ಸದ್ದು ಜೋರು ಮಾಡುವ ಆಂಪ್ಲಿಫೈಯರ್, ಪೂರ್ತಿ ಕೆಟ್ಟು ನಿಂತರೆ ಹುಡುಕುವುದು ಒಂದು ಲೆಕ್ಕದಲ್ಲಿ ಸುಲಭ. ಕರೆಂಟ್ ಬರ್ತಿದೆಯಾ, ಫ್ಯೂಸ್ ಹೋಗಿದೆಯಾ ಅಂತ ಶುರು ಮಾಡಬಹುದು. ತಲೆ ತಿನ್ನುವುದು ಇನ್ನೊಂದು ಬಗೆಯ ತೊಂದರೆ. ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಸದ್ದೂ ಬರುತ್ತದೆ. ಆದರೆ ಮೊದಲು ನಾಬ್ 3ರಲ್ಲಿ ಬರುತ್ತಿದ್ದ ಸದ್ದಿಗೆ ಈಗ 8ರವರೆಗೆ ತಿರುಗಿಸಬೇಕು. ಇಂಥ ಆಂಪ್ ಹೊತ್ತು ತಂದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ನಾನು ನೋಡಿದ ಆಂಪ್‌ಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ರೋಗ ಇರಲಿಲ್ಲ. ಎಲ್ಲೋ ಒಂದು ಕಡೆ ಲೋಹಕ್ಕೆ ಲೋಹ ಸರಿಯಾಗಿ ತಾಗುತ್ತಿರಲಿಲ್ಲ, ಅಷ್ಟೇ.

ಎಲ್ಲಿಂದ ಶುರು ಮಾಡಲಿ?

ಸದ್ದು ನಡೆದು ಬರುವ ದಾರಿಯನ್ನು ಮೊದಲು ಮನಸ್ಸಿನಲ್ಲಿ ಬರೆದುಕೊಳ್ಳಿ. ತಂತಿ, ಪಿಕಪ್ (ತಂತಿಯ ನಡುಕವನ್ನು ಸಿಗ್ನಲ್ ಮಾಡುವ ಭಾಗ), ಗಿಟಾರ್ ಒಳಗಿನ ನಾಬ್‌ಗಳು, ಕೇಬಲ್, ಪೆಡಲ್‌ಗಳು (ಸದ್ದಿನ ಬಣ್ಣ ಬದಲಾಯಿಸುವ, ಕಾಲಲ್ಲಿ ಒತ್ತುವ ಡಬ್ಬಿಗಳು), ಆಂಪ್‌ನ ಇನ್‌ಪುಟ್, ಪ್ರೀಆಂಪ್ (ಸಣ್ಣ ಸಿಗ್ನಲ್ ಏರಿಸಿ ಟೋನ್ ಹೊಂದಿಸುವ ಹಂತ), ಎಫೆಕ್ಟ್ ಲೂಪ್ (ನಡುವೆ ಪೆಡಲ್ ಸೇರಿಸಲು ಬಿಟ್ಟ ದಾರಿ), ಪವರ್ ಆಂಪ್ (ಸ್ಪೀಕರ್ ನಡುಗಿಸುವ ಬಲ ಕೊಡುವ ಹಂತ), ಸ್ಪೀಕರ್ ಕೇಬಲ್, ಕೊನೆಗೆ ಸ್ಪೀಕರ್. ಒಂದೇ ಸಾಲು, ನೀರಿನ ಪೈಪ್ ಇದ್ದ ಹಾಗೆ. ಎಲ್ಲಿ ಕಟ್ಟಿಕೊಂಡರೂ ಕೊನೆಯ ನಲ್ಲಿಯಲ್ಲಿ ನೀರು ಸಣ್ಣಗೇ ಬರುತ್ತದೆ. ನಲ್ಲಿ ಬದಲಾಯಿಸಿ ಪ್ರಯೋಜನ ಇಲ್ಲ.

ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ. ಕೇಬಲ್, ಬ್ಯಾಟರಿ, ಪೆಡಲ್ ಎಲ್ಲ ಒಟ್ಟಿಗೆ ಬದಲಾಯಿಸಿದರೆ ಸದ್ದು ವಾಪಸ್ ಬಂದರೂ ಯಾವುದು ಕೈಕೊಟ್ಟಿತ್ತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಕಥೆ.

ತೊಂದರೆ ಆಂಪ್‌ನದೋ ಗಿಟಾರ್‌ನದೋ, ಹೇಗೆ ಗೊತ್ತಾಗುತ್ತದೆ?

ಇನ್ನೊಂದು ಬೇಸ್ ಸಿಕ್ಕಿದರೆ ಅದನ್ನು ಹಾಕಿ ನೋಡಿ. ಸಿಗದಿದ್ದರೆ ನಿಮ್ಮ ಬೇಸ್ ಆಕ್ಟಿವ್ ಹೌದೋ ಅಲ್ಲವೋ ನೋಡಿ. ಹಿಂದೆ ಬ್ಯಾಟರಿ ಮನೆ ಇದ್ದರೆ ಆಕ್ಟಿವ್, ಅಂದರೆ ಒಳಗೇ ಬ್ಯಾಟರಿಯಿಂದ ನಡೆಯುವ ಪುಟ್ಟ ಪ್ರೀಆಂಪ್ ಇದೆ. ಒಳಗಿನ 9 ವೋಲ್ಟ್ ಬ್ಯಾಟರಿ ಇಳಿಯುತ್ತಾ ಬಂದಾಗ ಸದ್ದು ಒಮ್ಮೆಲೇ ನಿಲ್ಲುವುದಿಲ್ಲ. ಮೊದಲು ಸೊರಗುತ್ತದೆ. ಜೋರಾಗಿ ಬಾರಿಸಿದರೆ ಸ್ವರದ ತುದಿ ಹರಿದ ಹಾಗೆ ಕೇಳುತ್ತದೆ. ಮೀಟರ್ ಇಟ್ಟು ನೋಡಿ. ಹೊಸ ಅಲ್ಕಲೈನ್ ಬ್ಯಾಟರಿ 9ಕ್ಕಿಂತ ಸ್ವಲ್ಪ ಮೇಲೆ ತೋರಿಸುತ್ತದೆ. ನಾನು 8ರ ಕೆಳಗೆ ಬಂದದ್ದನ್ನು ಇಟ್ಟುಕೊಳ್ಳುವುದಿಲ್ಲ. ಎರಡು ಬ್ಯಾಟರಿಯ 18 ವೋಲ್ಟ್ ಬೇಸ್ ಆದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಆಕ್ಟಿವ್ ಬೇಸ್‌ಗೆ ಪ್ರತ್ಯೇಕ ಆನ್-ಆಫ್ ಸ್ವಿಚ್ ಸಾಮಾನ್ಯವಾಗಿ ಇರುವುದಿಲ್ಲ. ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಆನ್ ಆಗುತ್ತದೆ. ಬಾರಿಸಿ ಮುಗಿಸಿ ಕೇಬಲ್ ಹಾಗೇ ಬಿಟ್ಟು ಮಲಗಿದರೆ ರಾತ್ರಿಯಿಡೀ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಕೇಬಲ್ ನೋಡಲು ಚೆನ್ನಾಗೇ ಇದೆಯಲ್ಲ?

ಕೇಬಲ್ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಪ್ಲಗ್ ಒಳಗೆ ಬೆಸುಗೆ ಬಿಟ್ಟಿರಬಹುದು. ಇನ್ನೊಂದು ಕೇಬಲ್ ಹಾಕಿ ನೋಡುವುದೇ ದಾರಿ. ಪೆಡಲ್‌ಗಳಿದ್ದರೆ ಎಲ್ಲವನ್ನೂ ಬಿಟ್ಟು ಬೇಸ್‌ನಿಂದ ನೇರವಾಗಿ ಆಂಪ್‌ಗೆ ಹಾಕಿ. ಪೆಡಲ್ ಆಫ್ ಮಾಡಿದರೆ ಸಾಲದು, ದಾರಿಯಿಂದಲೇ ತೆಗೆಯಬೇಕು.

ಯಾವ ಸ್ವಿಚ್ಚೂ ಮುಟ್ಟಿಲ್ಲ, ಆದರೂ ಸದ್ದು ಕಮ್ಮಿ. ಹೇಗೆ?

ನೀವು ಮುಟ್ಟಿಲ್ಲ, ಸರಿ. ಕಾರಿನ ಡಿಕ್ಕಿಯಲ್ಲಿ ಬ್ಯಾಗ್ ಮುಟ್ಟಿರಬಹುದು. ಬೇಸ್ ಆಂಪ್‌ಗಳಲ್ಲಿ ಪ್ಯಾಡ್ ಅಥವಾ ಆಕ್ಟಿವ್ ಅಂತ ಬರೆದ ಸಣ್ಣ ಗುಂಡಿ ಇರುತ್ತದೆ. ಆಕ್ಟಿವ್ ಬೇಸ್‌ನ ಜೋರಾದ ಸಿಗ್ನಲ್ ತಗ್ಗಿಸಲು ಅದನ್ನು ಇಟ್ಟಿರುತ್ತಾರೆ. 10 ಅಥವಾ 15 ಡೆಸಿಬಲ್ ಕಡಿತ ಸಾಮಾನ್ಯ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧಕ್ಕೆ ಇಳಿದ ಹಾಗೆ. ಆಂಪ್ ಕೆಟ್ಟಿದೆ ಅನ್ನಿಸಲು ಅಷ್ಟು ಸಾಕು, ಅಲ್ವಾ?

ಹೆಡ್‌ಫೋನ್ ಜಾಕ್‌ನಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ಜೋರಾದ ಸದ್ದನ್ನು ತಗ್ಗಿಸುವ ಕಂಪ್ರೆಸರ್ ನಾಬ್ ಇದ್ದರೆ ಪೂರ್ತಿ ಸೊನ್ನೆಗೆ ತನ್ನಿ. ಗೇನ್ (ಒಳಬರುವ ಸಿಗ್ನಲ್‌ನ ನಾಬ್) ಮತ್ತು ಮಾಸ್ಟರ್ (ಕೊನೆಯ ಸದ್ದಿನ ನಾಬ್) ಬೇರೆ ಬೇರೆ ಇದ್ದರೆ ಗೇನ್ ಕೆಳಗಿದೆಯಾ ನೋಡಿ. ಗೇನ್ ಕಮ್ಮಿ ಇದ್ದಾಗ ಮಾಸ್ಟರ್ ಎಷ್ಟು ತಿರುಗಿಸಿದರೂ ಹೊಟ್ಟೆ ತುಂಬುವ ಸದ್ದು ಬರುವುದಿಲ್ಲ.

ಎಫೆಕ್ಟ್ ಲೂಪ್ ಬಳಸುವುದೇ ಇಲ್ಲ. ಅದನ್ನು ಯಾಕೆ ನೋಡಬೇಕು?

ಬಳಸದೇ ಇರುವುದರಿಂದಲೇ ನೋಡಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಆಂಪ್ ಹಿಂದೆ ಸೆಂಡ್ ಮತ್ತು ರಿಟರ್ನ್ ಅಂತ ಎರಡು ತೂತು ಇರುತ್ತವೆ. ಪ್ರೀಆಂಪ್‌ನಿಂದ ಹೊರಟ ಸದ್ದು ಪವರ್ ಆಂಪ್‌ಗೆ ಹೋಗುವುದು ಇವುಗಳ ಮೂಲಕವೇ. ರಿಟರ್ನ್ ಜಾಕ್ ಒಳಗೆ ಒಂದು ಸಣ್ಣ ಲೋಹದ ಎಲೆ ಇದೆ. ಏನೂ ಚುಚ್ಚದಿದ್ದಾಗ ಅದು ಇನ್ನೊಂದು ಲೋಹದ ತುಂಡಿಗೆ ಒತ್ತಿಕೊಂಡು ಕೂತಿರುತ್ತದೆ, ಸದ್ದು ಅಲ್ಲಿಂದ ದಾಟುತ್ತದೆ. ಪ್ಲಗ್ ಹಾಕಿದರೆ ಎಲೆ ಮೇಲೆದ್ದು ದಾರಿ ಬದಲಾಗುತ್ತದೆ. ವರ್ಷಗಟ್ಟಲೆ ಯಾರೂ ಪ್ಲಗ್ ಹಾಕದಿದ್ದರೆ ಎಲೆ ಕದಲುವುದೇ ಇಲ್ಲ. ತೇವ, ಧೂಳು, ಹೊಗೆ ಎಲ್ಲ ಸೇರಿ ಎರಡು ಲೋಹದ ನಡುವೆ ತೆಳ್ಳಗೆ ಕಿಲುಬು ಕಟ್ಟುತ್ತದೆ. ಸದ್ದು ಪೂರ್ತಿ ನಿಲ್ಲುವುದಿಲ್ಲ, ಸೋರಿ ಸೋರಿ ದಾಟುತ್ತದೆ. ನಿಮಗೆ ಕೇಳುವುದು ಆ ಸೋರಿದ ಸದ್ದು.

ಪರೀಕ್ಷೆ ಅರ್ಧ ನಿಮಿಷದ್ದು. ಮಾಸ್ಟರ್ ಕೆಳಗೆ ಇಳಿಸಿ. ಒಂದು ಗಿಟಾರ್ ಕೇಬಲ್ ತೆಗೆದುಕೊಂಡು ಒಂದು ತುದಿಯನ್ನು ಸೆಂಡ್‌ಗೆ, ಇನ್ನೊಂದನ್ನು ರಿಟರ್ನ್‌ಗೆ ಹಾಕಿ. ನಿಧಾನವಾಗಿ ಮಾಸ್ಟರ್ ಏರಿಸುತ್ತಾ ಬಾರಿಸಿ. ಹಳೆಯ ಸದ್ದು ವಾಪಸ್ ಬಂತೇ? ಹಾಗಾದರೆ ತಪ್ಪು ಆ ಎಲೆಯದ್ದೇ. ಪ್ರೀಆಂಪ್ ಔಟ್, ಪವರ್ ಆಂಪ್ ಇನ್ ಅಂತ ಬರೆದ ಆಂಪ್‌ಗಳಲ್ಲೂ ಇದೇ ಪರೀಕ್ಷೆ ಸಾಮಾನ್ಯವಾಗಿ ನಡೆಯುತ್ತದೆ. ಕೆಲವು ಬೇಸ್ ಆಂಪ್‌ಗಳ ಲೂಪ್ ಪ್ಯಾರಲಲ್ ಆಗಿರುತ್ತದೆ, ಅಂದರೆ ಮೂಲ ಸದ್ದು ಮತ್ತು ಎಫೆಕ್ಟ್ ಸದ್ದು ಜೊತೆಜೊತೆಗೆ ಹೋಗುತ್ತವೆ, ಮಿಕ್ಸ್ ಅಥವಾ ಬ್ಲೆಂಡ್ ನಾಬ್ ಇರುತ್ತದೆ. ಅಲ್ಲಿ ಲೂಪ್ ಖಾಲಿ ಇದ್ದು ನಾಬ್ ಎಫೆಕ್ಟ್ ಕಡೆಗೆ ತಿರುಗಿದ್ದರೆ ಅದರಿಂದಲೇ ಸದ್ದು ಕುಸಿಯಬಹುದು. ನಾಬನ್ನು ಮೂಲ ಸದ್ದಿನ ಕಡೆಗೆ ತಿರುಗಿಸಿದರೆ ಮುಗಿಯಿತು.

ಒಮ್ಮೆ ಒಬ್ಬರು ಒಂದು ಕಾಂಬೊ (ಆಂಪ್, ಸ್ಪೀಕರ್ ಒಂದೇ ಡಬ್ಬಿಯಲ್ಲಿ ಇರುವುದು) ಹೊತ್ತು ತಂದರು. ಬೇರೆ ಕಡೆ ಎರಡು ಸಲ ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಾಯಿಸಿದ್ದರು, ಸದ್ದು ಮಾತ್ರ ಹಾಗೇ ಇತ್ತು. ಕೇಬಲ್ ಚುಚ್ಚಿ ನೋಡಿದೆ, ಸರಿಹೋಯಿತು. ಬಿಚ್ಚಿ ಟಾರ್ಚ್ ಹಿಡಿದಾಗ ರಿಟರ್ನ್ ಜಾಕ್‌ನ ಎಲೆ ತಾಗುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಇತ್ತು. ಅಷ್ಟೇ ಇದ್ದದ್ದು. ಒರೆಸಿದೆ, ಅವರು ಕೆಳಗಿನ ಇ ತಂತಿ ಮೀಟಿದರು. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಸ್ಕ್ರೂಗಳು ಕುಣಿದವು. ಅವರ ಮುಖ ಇನ್ನೂ ನೆನಪಿದೆ.

ಆ ಕಿಲುಬನ್ನು ತೆಗೆಯುವುದು ಹೇಗೆ?

ಆಂಪ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತಿಡಿ. ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಮಾಡಿದ ಕಾಂಟ್ಯಾಕ್ಟ್ ಕ್ಲೀನರನ್ನು ಒಂದು ಪ್ಲಗ್‌ನ ತುದಿಗೆ ಸ್ವಲ್ಪ ಹಚ್ಚಿ. ಜಾಕ್‌ಗೆ ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಎಲೆ ಮೇಲೆ ಕೆಳಗೆ ಆಡುವಾಗ ಕಿಲುಬು ಉಜ್ಜಿಹೋಗುತ್ತದೆ. ಪೂರ್ತಿ ಒಣಗಲು ಬಿಟ್ಟು ಆಮೇಲೆ ಆನ್ ಮಾಡಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅಂಟು ಉಳಿದು ಧೂಳು ಹಿಡಿಯುತ್ತದೆ. ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ. ಲೋಹದ ಮೇಲಿನ ತೆಳು ಲೇಪನ ಕಿತ್ತುಬಂದರೆ ಕಿಲುಬು ಮೊದಲಿಗಿಂತ ಬೇಗ ಕಟ್ಟುತ್ತದೆ.

ಎಲೆಯ ಬಿಗಿಯೇ ಹೋಗಿದ್ದರೆ ಕ್ಲೀನರ್‌ನಿಂದ ಆಗುವುದಿಲ್ಲ. ಜಾಕ್ ಬದಲಾಯಿಸಬೇಕು. ಅಲ್ಲಿಯವರೆಗೆ ಒಂದು ಚಿಕ್ಕ ಪ್ಯಾಚ್ ಕೇಬಲ್ ಅಲ್ಲೇ ಚುಚ್ಚಿಟ್ಟು ಬಾರಿಸಬಹುದು. ಏನೂ ಹಾಳಾಗುವುದಿಲ್ಲ.

ಮೆಲ್ಲಗೆ ಬಾರಿಸಿದರೆ ಸದ್ದಿಲ್ಲ. ಜೋರಾಗಿ ಒಂದು ಏಟು ಕೊಟ್ಟರೆ ತಟಕ್ಕನೆ ಸರಿಹೋಗುತ್ತದೆ. ಏನಿದು?

ಇದೂ ಕಿಲುಬಿನ ಕೆಲಸವೇ. ಜೋರಾದ ಸಿಗ್ನಲ್ ಆ ಪದರವನ್ನು ಭೇದಿಸಿಕೊಂಡು ಹೋಗುತ್ತದೆ, ಮೆಲ್ಲಗಿನದ್ದಕ್ಕೆ ಆ ಬಲ ಇಲ್ಲ. ಮೊದಲು ಲೂಪ್ ನೋಡಿ. ಅಲ್ಲಿ ಸರಿ ಇದ್ದರೆ ಅನುಮಾನ ಔಟ್‌ಪುಟ್ ರಿಲೇ ಮೇಲೆ. ಹಲವು ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಸ್ಪೀಕರ್ ಕಾಪಾಡಲು ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್, ಇರುತ್ತದೆ. ಆನ್ ಮಾಡಿ ಒಂದೆರಡು ಸೆಕೆಂಡ್ ಆದಮೇಲೆ ಟಿಕ್ ಅಂತ ಕೇಳುತ್ತದಲ್ಲ, ಅದೇ. ಅದರ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿರುತ್ತದೆ. ರಿಲೇಯನ್ನು ಉಜ್ಜಿ ಸರಿಮಾಡುವುದು ನನಗೆ ಒಪ್ಪಿಗೆಯಿಲ್ಲ. ಹೊಸದು ಹಾಕಿಸಿ.

ಪ್ರೀಆಂಪ್ ಕೆಟ್ಟಿದೆಯೋ ಪವರ್ ಆಂಪೋ? ಬಿಚ್ಚದೆ ತಿಳಿಯಬಹುದಾ?

ತಿಳಿಯಬಹುದು. ಅದಕ್ಕೂ ಇದೇ ಎರಡು ತೂತು ಸಾಕು. ಫೋನ್‌ನಲ್ಲಿ ಒಂದು ಹಾಡು ಹಾಕಿ ರಿಟರ್ನ್‌ಗೆ ಕೊಡಿ. ಆಗ ಪ್ರೀಆಂಪ್ ದಾಟಿ ಸದ್ದು ನೇರ ಪವರ್ ಆಂಪ್‌ಗೆ ಹೋಗುತ್ತದೆ. ಕೆಲವು ಆಂಪ್‌ಗಳಲ್ಲಿ ಮಾಸ್ಟರ್ ನಾಬ್ ಕೂಡ ಇದಕ್ಕೆ ಹಿಡಿತ ಹಾಕುವುದಿಲ್ಲ, ಹಾಗಾಗಿ ಫೋನ್‌ನ ವಾಲ್ಯೂಮ್ ಸೊನ್ನೆಯಿಂದ ಮೆಲ್ಲಗೆ ಏರಿಸಿ. ಕೇಬಲ್ ವಿಷಯದಲ್ಲಿ ಒಂದು ಎಚ್ಚರ: ಫೋನ್‌ನದು ಸ್ಟೀರಿಯೊ. ಒಂದು ಕಡೆ ಫೋನ್ ಪಿನ್, ಇನ್ನೊಂದು ಕಡೆ ಎರಡು ಮೋನೊ ಪ್ಲಗ್ ಇರುವ ಕೇಬಲ್ ತಂದು, ಎರಡರಲ್ಲಿ ಒಂದನ್ನು ಮಾತ್ರ ಹಾಕಿ.

ಹಾಡು ಜೋರಾಗಿ, ಸ್ವಚ್ಛವಾಗಿ ಬಂದರೆ ಪವರ್ ಆಂಪ್ ಮತ್ತು ಸ್ಪೀಕರ್ ಎರಡೂ ಸರಿ. ಹುಡುಕಾಟ ಪ್ರೀಆಂಪ್ ಕಡೆಗೆ. ಹಾಡೂ ಸೊರಗಿ ಬಂದರೆ ಹುಡುಕಾಟ ಪವರ್ ಆಂಪ್ ಮತ್ತು ಸ್ಪೀಕರ್ ಕಡೆಗೆ. ಖಾತ್ರಿ ಬೇಕಾದರೆ ಬೇಸ್ ಅನ್ನು ಇನ್‌ಪುಟ್‌ಗೆ ಹಾಕಿ, ಸೆಂಡ್‌ನಿಂದ ಬೇರೊಂದು ಆಂಪ್‌ಗೆ ಕೊಟ್ಟು ಕೇಳಿ. ಒಂದು ಸ್ಕ್ರೂ ಬಿಚ್ಚದೆ ಅರ್ಧ ಆಂಪ್ ಪಟ್ಟಿಯಿಂದ ಹೊರಗೆ ಹೋಯಿತು.

ಸ್ಪೀಕರ್ ಕೆಟ್ಟರೆ ಸದ್ದೇ ಬರುವುದಿಲ್ಲ ಅಲ್ವಾ? ಕಮ್ಮಿ ಹೇಗೆ ಆಗುತ್ತದೆ?

ಒಂದೇ ಸ್ಪೀಕರ್ ಇದ್ದರೆ ನಿಮ್ಮ ಮಾತು ಬಹುಪಾಲು ನಿಜ. ಬೇಸ್ ಕ್ಯಾಬಿನೆಟ್‌ನಲ್ಲಿ, ಅಂದರೆ ಸ್ಪೀಕರ್ ಡಬ್ಬಿಯಲ್ಲಿ, ಎರಡು, ನಾಲ್ಕು, ಎಂಟು ಇರುತ್ತವೆ. ನಾಲ್ಕರ ಡಬ್ಬಿಯಲ್ಲಿ ಎರಡೆರಡನ್ನು ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಕಟ್ಟಿರುವುದುಂಟು. ಆಗ ಒಂದರ ಕಾಯಿಲ್ ತುಂಡಾದರೆ ಅದರ ಜೊತೆಗಾರನೂ ಸುಮ್ಮನಾಗುತ್ತದೆ. ಕಡಿಮೆ ವಾಲ್ಯೂಮ್‌ನಲ್ಲಿ ಬಾರಿಸುತ್ತಾ ಒಂದೊಂದು ಕೋನ್‌ಗೆ ಬೆರಳ ತುದಿ ಮೆಲ್ಲಗೆ ತಾಗಿಸಿ. ಜೀವ ಇರುವುದು ನಡುಗುತ್ತದೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ ಹಾಕಿ, ಆಂಪ್ ಕಡೆಯ ತುದಿ ಬಿಚ್ಚಿಟ್ಟುಕೊಂಡು ಪ್ಲಗ್‌ನ ತುದಿ ಮತ್ತು ಬುಡದ ನಡುವೆ ಓಮ್ ಅಳೆಯಿರಿ. 8 ಓಮ್ ಡಬ್ಬಿ ಸುಮಾರು 6 ತೋರಿಸುತ್ತದೆ, 4 ಓಮ್‌ನದು 3ರ ಆಸುಪಾಸು. ಕಮ್ಮಿ ತೋರಿಸಿತು ಅಂತ ಗಾಬರಿ ಬೇಡ, ಮೀಟರ್ ಅಳೆಯುವುದು ಡಿಸಿಯಲ್ಲಿ, ಹಾಗೇ ಬರುತ್ತದೆ. 8 ಓಮ್ ಡಬ್ಬಿ 12 ತೋರಿಸಿದರೆ ಅರ್ಧ ಸ್ಪೀಕರ್‌ಗಳು ಹೋಗಿವೆ. ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟ್ ಇದೆ, ಆಂಪ್‌ಗೆ ಹಾಕಲೇಬೇಡಿ.

ಇನ್ನೊಂದು ಮೋಸದ ತಪ್ಪು ಇದೆ. ಯಾರೋ ಒಂದು ಸ್ಪೀಕರ್ ಬದಲಾಯಿಸಿ ಅದರ ಪ್ಲಸ್, ಮೈನಸ್ ತಿರುವಿ ಕಟ್ಟಿರುತ್ತಾರೆ. ಒಂದು ಕೋನ್ ಮುಂದೆ ಹೋಗುವಾಗ ಇನ್ನೊಂದು ಹಿಂದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ಕೆಳಗಿನ ಸ್ವರಗಳೆಲ್ಲ ಮಾಯ. ಎರಡೂ ಸ್ಪೀಕರ್ ಮೀಟರ್‌ನಲ್ಲಿ ಸರಿಯಾಗೇ ಇರುತ್ತವೆ, ಸದ್ದು ಮಾತ್ರ ತೆಳ್ಳಗೆ. ಒಂದು 1.5 ವೋಲ್ಟ್ ಸೆಲ್ ತೆಗೆದುಕೊಂಡು ಅದೇ ಕೇಬಲ್‌ನ ಪ್ಲಗ್ ತುದಿಗೆ ಪ್ಲಸ್, ಬುಡಕ್ಕೆ ಮೈನಸ್ ಒಂದು ಕ್ಷಣ ತಾಗಿಸಿ. ಪಟ್ ಅನ್ನುತ್ತದೆ. ಎಲ್ಲ ಕೋನ್‌ಗಳೂ ಒಂದೇ ದಿಕ್ಕಿಗೆ ಜಿಗಿಯಬೇಕು. ಬದಿಯಿಂದ ಟಾರ್ಚ್ ಬಿಟ್ಟರೆ ಚೆನ್ನಾಗಿ ಕಾಣುತ್ತದೆ.

ಆಂಪ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕಬೇಡಿ. ನೋಡಲು ಒಂದೇ ತರಹ, ಒಳಗಿನ ತಂತಿ ತುಂಬಾ ಸಣ್ಣದು. ಬಿಸಿಯಾಗುತ್ತದೆ, ಶಕ್ತಿ ತಿನ್ನುತ್ತದೆ, ಕೊನೆಗೆ ಕರಗಿ ಶಾರ್ಟ್ ಆಗಲೂಬಹುದು.

ಎರಡು ಕ್ಯಾಬಿನೆಟ್ ಇತ್ತು, ಈಗ ಒಂದೇ ಇದೆ. ಸದ್ದು ಇಷ್ಟೊಂದು ಇಳಿಯಬೇಕಾ?

ಇಳಿಯುವುದು ಸಹಜ. 500 ವಾಟ್ ಅಂತ ಬರೆದ ಟ್ರಾನ್ಸಿಸ್ಟರ್ ಆಂಪ್ ಸಾಮಾನ್ಯವಾಗಿ ಆ 500 ಕೊಡುವುದು 4 ಓಮ್‌ಗೆ. ಎರಡು 8 ಓಮ್ ಡಬ್ಬಿ ಸೇರಿದಾಗ 4 ಓಮ್ ಆಗುತ್ತಿತ್ತು. ಒಂದೇ ಇದ್ದಾಗ ಶಕ್ತಿ ಸುಮಾರು ಅರ್ಧಕ್ಕೆ ಬರುತ್ತದೆ, ಅದು 3 ಡೆಸಿಬಲ್. ಗಾಳಿ ತಳ್ಳುವ ಕೋನ್‌ಗಳೂ ಅರ್ಧ ಆದದ್ದರಿಂದ ಇನ್ನೂ ಸುಮಾರು 3. ಒಟ್ಟು 6 ಡೆಸಿಬಲ್ ಹೋದದ್ದು ಚೆನ್ನಾಗಿಯೇ ತಿಳಿಯುತ್ತದೆ. ಆಂಪ್ ಕೆಟ್ಟಿಲ್ಲ.

ಶುರುವಿನಲ್ಲಿ ಸರಿ ಇರುತ್ತದೆ, ಅರ್ಧ ಗಂಟೆಯ ಮೇಲೆ ತಗ್ಗುತ್ತದೆ.

ಬಿಸಿ. ಮೊದಲು ಫ್ಯಾನ್ ನೋಡಿ, ಗಾಳಿ ಹೋಗುವ ಜಾಲರಿಯಲ್ಲಿ ಧೂಳಿನ ಕಂಬಳಿ ಇದೆಯಾ ನೋಡಿ. ಹಲವು ಆಂಪ್‌ಗಳು ಬಿಸಿ ಮಿತಿ ದಾಟಿದಾಗ ತಾವೇ ತಗ್ಗುತ್ತವೆ ಅಥವಾ ನಿಂತುಬಿಡುತ್ತವೆ. ಧೂಳು ತೆಗೆದರೂ ಸರಿಹೋಗದಿದ್ದರೆ ಒಳಗೆ ಬೆಸುಗೆ ಬಿರುಕು ಬಿಟ್ಟಿರಬಹುದು. ಬೇಸ್ ಆಂಪ್ ದಿನವೂ ನಡುಗುವ ಯಂತ್ರ. ಜಾಕ್ ಮತ್ತು ನಾಬ್‌ಗಳ ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ ಬಿರುಕು ಬೀಳುತ್ತದೆ. ಬಿಸಿಗೆ ಹಿಗ್ಗಿದಾಗ ಅದು ಬಾಯಿಬಿಡುತ್ತದೆ.

ಬಯಲಿನ ಕಾರ್ಯಕ್ರಮದಲ್ಲಿ, ಜನರೇಟರ್ ಮೇಲೆ ಅಥವಾ ಉದ್ದದ ತೆಳು ವೈರ್ ಎಳೆದಾಗ ಮಾತ್ರ ಹೀಗಾದರೆ ವೋಲ್ಟೇಜ್ ಅಳೆಸಿ. 230 ಇರಬೇಕಾದ ಕಡೆ 190 ಇದ್ದರೆ ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಆಂಪ್‌ನ ಶಕ್ತಿ ಮೂರನೇ ಒಂದು ಭಾಗ ಹೋಗುತ್ತದೆ. ಸದ್ದು ಇಳಿದದ್ದು ಅಷ್ಟು ತಿಳಿಯದು, ಆದರೆ ಬೇಗನೆ ಒಡಕು ಬರುತ್ತದೆ.

ನನ್ನದು ಟ್ಯೂಬ್ ಆಂಪ್. ಟ್ಯೂಬ್ ಬದಲಾಯಿಸಿದರೆ ಸಾಕಾ?

ಮೇಲಿನದೆಲ್ಲ ನೋಡಿದ ಮೇಲೆ ಟ್ಯೂಬ್ (ಸಿಗ್ನಲ್ ಏರಿಸುವ ಗಾಜಿನ ವಾಲ್ವ್) ಕಡೆ ಬನ್ನಿ. ಪ್ರೀಆಂಪ್‌ನ ಸಣ್ಣ ಟ್ಯೂಬ್‌ಗಳಲ್ಲಿ 12ಎಎಕ್ಸ್7 ಹೆಚ್ಚಾಗಿ ಸಿಗುತ್ತದೆ. ಅದೇ ನಂಬರಿನ ಒಂದು ಒಳ್ಳೆಯ ಟ್ಯೂಬ್ ಕೈಯಲ್ಲಿದ್ದರೆ ಆಂಪ್ ಆಫ್ ಮಾಡಿ, ತಣಿಸಿ, ಒಂದೊಂದು ಜಾಗದಲ್ಲಿ ಹಾಕಿ ಕೇಳುತ್ತಾ ಹೋಗಿ. ಇಷ್ಟನ್ನು ನೀವೇ ಮಾಡಬಹುದು.

ಪವರ್ ಟ್ಯೂಬ್ ಬೇರೆ ಮಾತು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ತೆಗೆದುಕೊಳ್ಳಿ. 300 ವಾಟ್, ಆರು ಪವರ್ ಟ್ಯೂಬ್. ಇಂಥದ್ದರಲ್ಲಿ ಒಂದೆರಡು ಟ್ಯೂಬ್ ಸತ್ತರೂ ಉಳಿದವು ಎಳೆಯುತ್ತಿರುತ್ತವೆ. ಸದ್ದು ಬರುತ್ತದೆ, ಬಲ ಇರುವುದಿಲ್ಲ. ಕೋಣೆಯ ದೀಪ ಆರಿಸಿ ಹಿಂದಿನಿಂದ ನೋಡಿ. ಎಲ್ಲದರ ಒಳಗೂ ಕಿತ್ತಳೆ ಬಣ್ಣದ ಬೆಳಕು ಸಮನಾಗಿ ಇದೆಯಾ? ಒಂದು ಕತ್ತಲಾಗಿದ್ದರೆ ಅದೇ ಕಳ್ಳ. ಗಾಜಿನ ಮೇಲೆ ಮಂದ ನೀಲಿ ಮಿನುಗು ಇದ್ದರೆ ಪರವಾಗಿಲ್ಲ. ಒಳಗಿನ ಬೂದು ತಗಡು ಕೆಂಪಗೆ ಕಾದಿದ್ದರೆ ತಕ್ಷಣ ಆಫ್ ಮಾಡಿ. ಹೊಸ ಪವರ್ ಟ್ಯೂಬ್ ಹಾಕಿದಾಗ ಬಯಾಸ್ (ಟ್ಯೂಬ್ ಸುಮ್ಮನಿರುವಾಗ ಹರಿಯುವ ಕರೆಂಟಿನ ಮಟ್ಟ) ಹೊಂದಿಸಬೇಕಾಗುತ್ತದೆ, ಅದನ್ನು ಬಲ್ಲವರೇ ಮಾಡಲಿ. ಸ್ಪೀಕರ್ ಹಾಕದೆ ಟ್ಯೂಬ್ ಆಂಪ್ ಬಾರಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಬಿಚ್ಚಿ ಒಳಗೆ ನೋಡಲಾ?

ಕೆಪಾಸಿಟರ್ ಖಾಲಿ ಮಾಡುವುದು ಗೊತ್ತಿಲ್ಲದಿದ್ದರೆ ಬೇಡ. ಪ್ಲಗ್ ಕಿತ್ತ ಮೇಲೂ ಅವು ವಿದ್ಯುತ್ ಹಿಡಿದುಕೊಂಡಿರುತ್ತವೆ. ದೊಡ್ಡ ಟ್ಯೂಬ್ ಆಂಪ್‌ನಲ್ಲಿ 600 ವೋಲ್ಟ್ ದಾಟಬಹುದು. ಅಂಗೈ ಮೇಲೆ ಕೂರುವ ಹೊಸ ಕ್ಲಾಸ್ ಡಿ ಆಂಪ್ ಕೂಡ ಸಾಧು ಅಲ್ಲ, 230 ವೋಲ್ಟ್ ಲೈನಿನಲ್ಲಿ ಅದರ ಸಪ್ಲೈ ಒಳಗೆ ಸುಮಾರು 320 ವೋಲ್ಟ್ ಡಿಸಿ ಇರುತ್ತದೆ. ಜೀವ ತೆಗೆಯಲು ಧಾರಾಳವಾಗಿ ಸಾಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ನಾಬ್ ತಿರುಗಿಸುವಾಗ ಕರಕರ ಅನ್ನುತ್ತದೆ, ಒಂದು ಜಾಗದಲ್ಲಿ ಸದ್ದು ಹೋಗುತ್ತದೆ.

ಆಫ್ ಮಾಡಿ, ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಮನೆಯಲ್ಲಿ ಜೋರಾಗಿದೆ, ಬ್ಯಾಂಡ್ ಜೊತೆ ನಿಂತರೆ ನನ್ನ ಬೇಸ್ ನನಗೇ ಕೇಳುವುದಿಲ್ಲ.

ಇದು ವಾಲ್ಯೂಮ್ ತೊಂದರೆ ಅಲ್ಲ, ಟೋನ್ ತೊಂದರೆ. ಒಬ್ಬರೇ ಬಾರಿಸುವಾಗ ಬೇಸ್ ನಾಬ್ (ಕೆಳಗಿನ ಸ್ವರಗಳು) ಏರಿಸಿ ಮಿಡ್ ನಾಬ್ (ನಡುವಿನ ಸ್ವರಗಳು) ಇಳಿಸಿದರೆ ಹಿತವಾಗಿರುತ್ತದೆ. ಬ್ಯಾಂಡ್‌ನಲ್ಲಿ ಅದೇ ಮುಳುಗಿಸುತ್ತದೆ. ಕೆಳಗಿನ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ಕೆಳಗೆ ನಮ್ಮ ಕಿವಿ ಮಂದ, ಆಂಪ್‌ನ ಶಕ್ತಿಯೂ ಅಲ್ಲೇ ಜಾಸ್ತಿ ಕರಗುತ್ತದೆ. ಸ್ವರವನ್ನು ಗುರುತಿಸಲು ಕಿವಿ ಹುಡುಕುವುದು ಮಿಡ್ ಅನ್ನು. ಬೇಸ್ ನಾಬ್ ಸ್ವಲ್ಪ ಇಳಿಸಿ, ಮಿಡ್ ಏರಿಸಿ. ಆಂಪ್‌ನಿಂದ ಎರಡು ಹೆಜ್ಜೆ ದೂರ ನಿಲ್ಲಿ, ಇಲ್ಲವೇ ಅದನ್ನು ಎದೆಮಟ್ಟಕ್ಕೆ ಎತ್ತಿಡಿ. ಮೊಣಕಾಲಿಗೆ ಕಿವಿ ಇಲ್ಲವಲ್ಲ.

ಕಾರ್ಯಕ್ರಮದ ನಡುವೆ ಸದ್ದು ಹೋದರೆ?

ಪೆಡಲ್ ಬಿಟ್ಟು ನೇರ ಕೇಬಲ್. ಆಗಲಿಲ್ಲವೇ, ಸೆಂಡ್-ರಿಟರ್ನ್‌ಗೆ ಪ್ಯಾಚ್ ಕೇಬಲ್. ಅದೂ ಆಗದಿದ್ದರೆ ಆಂಪ್‌ನ ಡಿಐ ಔಟ್ ಎಂಬ ತೂತಿನಿಂದ ನೇರ ಮಿಕ್ಸರ್‌ಗೆ ಕೊಡಿ. ಡಿಐ ಪ್ರೀಆಂಪ್ ಕಡೆಯಿಂದ ಹೊರಡುವುದರಿಂದ ಪವರ್ ಆಂಪ್ ಹೋಗಿದ್ದರೂ ಬಹುತೇಕ ಕೆಲಸ ಮಾಡುತ್ತದೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಗಿಟಾರ್ ಕೇಬಲ್, ಒಂದು ಸ್ಪೀಕರ್ ಕೇಬಲ್, ಗೇಣುದ್ದದ ಪ್ಯಾಚ್ ಕೇಬಲ್ ಮತ್ತು ಎರಡು 9 ವೋಲ್ಟ್ ಬ್ಯಾಟರಿ ಇರುತ್ತವೆ.

ರಿಪೇರಿಗೆ ಕೊಡುವಾಗ ಏನು ಹೇಳಬೇಕು?

"ಸದ್ದು ಕಮ್ಮಿ" ಅಂತಷ್ಟೇ ಹೇಳಬೇಡಿ. ಒಂದು ಚೀಟಿಯಲ್ಲಿ ಬರೆದು ಆಂಪ್‌ಗೆ ಅಂಟಿಸಿ: ಯಾವಾಗ ಶುರುವಾಯಿತು, ಒಮ್ಮೆಲೇ ಇಳಿಯಿತೋ ದಿನದಿನಕ್ಕೆ ಇಳಿಯಿತೋ, ಬಿಸಿಯಾದ ಮೇಲೋ ಮೊದಲಿನಿಂದಲೋ, ಲೂಪ್‌ಗೆ ಕೇಬಲ್ ಹಾಕಿದಾಗ ಏನಾಯಿತು, ಫೋನ್ ಹಾಡು ಹೇಗೆ ಬಂತು, ಕ್ಯಾಬಿನೆಟ್ ಎಷ್ಟು ಓಮ್ ತೋರಿಸಿತು. ನಿಮ್ಮ ಬೇಸ್ ಮತ್ತು ಸ್ಪೀಕರ್ ಕೇಬಲ್ ಎರಡನ್ನೂ ಜೊತೆಗೆ ಒಯ್ಯಿರಿ. ವಾಪಸ್ ತರುವ ಮೊದಲು ಅಲ್ಲೇ ಅರ್ಧ ಗಂಟೆ ಬಾರಿಸಿ ನೋಡಿ.